ಐದನೆಯ ಉಗುರು

ಯೊಂಗ್‌ಲ ದೊರೆಯ ಒಂಬತ್ತನೆಯ ವರ್ಷ, ಐದನೆಯ ತಿಂಗಳು, ಒಂಬತ್ತು

ಇವತ್ತೂ ಒಡೆದರು. ಆವಿಗೆಯಿಂದ ತೆಗೆದ ಬಟ್ಟಲುಗಳು ಇನ್ನೂ ಬೆಚ್ಚಗಿದ್ದವು. ಆಯುವ ಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು ನಾವು ಗೋಡೆಗೆ ಅಂಟಿ ನಿಂತೆವು. ಷೆನ್ ಗುಮಾಸ್ತ ಕಿವಿಯಲ್ಲಿ ಬಿದಿರುಕಡ್ಡಿ ತಿರುಗಿಸುತ್ತ ಬಂದ. ಒಂದನ್ನು ಎತ್ತಿದ, ಬೆಳಕಿಗೆ ಹಿಡಿದ, ಎಡಕ್ಕಿಟ್ಟ. ಇನ್ನೊಂದನ್ನು ಎತ್ತಿದ, ಅದನ್ನೂ ಎಡಕ್ಕಿಟ್ಟ. ಎಡಕ್ಕೆ ಹೋದದ್ದೆಲ್ಲ ಸುತ್ತಿಗೆಗೆ. ದೊರೆಗೆ ಆಗದ ಬಟ್ಟಲಲ್ಲಿ ಬೇರೆ ಯಾರೂ ಉಣ್ಣಕೂಡದಂತೆ. ಅದಕ್ಕೇ ಒಡೆದು, ಗೋಡೆಯ ಹಿಂದಿನ ಹಳ್ಳಕ್ಕೆ ಸುರಿದು, ಮಣ್ಣು ಮುಚ್ಚಿ, ಮೇಲೊಬ್ಬ ಕಾವಲುಗಾರನನ್ನು ನಿಲ್ಲಿಸುತ್ತಾರೆ. ಈ ಊರಿನಲ್ಲಿ ಹೆಣಕ್ಕೂ ಅಷ್ಟು ಕಾವಲಿಲ್ಲ.

ಷೆನ್ ಒಂದು ದಿನವೂ ಮಣ್ಣು ಮುಟ್ಟಿದವನಲ್ಲ. ಸರ್ಕಾರಿ ಪರೀಕ್ಷೆಗೆ ಕೂತು ಕೂತು ನಪಾಸಾದವನು. ಆ ಸಿಟ್ಟಿಗೆ ಈಗ ನಮ್ಮ ಬಟ್ಟಲುಗಳನ್ನು ನಪಾಸು ಮಾಡುತ್ತಾನೆ.

ಒಡೆದವುಗಳಲ್ಲಿ ನಾನು ಊದಿದವೂ ಇದ್ದವು. ಬಿದಿರು ಕೊಳವೆಯ ತುದಿಗೆ ತೆಳು ರೇಷ್ಮೆ ಕಟ್ಟಿ, ಮೆರುಗಿನ ನೀರಿನಲ್ಲಿ ಅದ್ದಿ, ಬಾಯಿಂದ ಊದಬೇಕು. ಮೆರುಗು ಮಂಜಿನ ಹಾಗೆ ಹೋಗಿ ಹಸಿ ಬಟ್ಟಲಿನ ಮೇಲೆ ಕೂರುತ್ತದೆ. ಒಣಗಿದ ಮೇಲೆ ಮತ್ತೆ ಊದಬೇಕು, ಮತ್ತೆ ಒಣಗಿಸಬೇಕು. ನನ್ನ ಕೆನ್ನೆ ನೋಯುವುದು ನಿಂತಿಲ್ಲ, ಅವರು ಒಡೆದು ಮುಗಿಸಿದರು.

ಮಾವ ನಕ್ಕ. "ಭೂಮ್ತಾಯಿಗೂ ಒಳ್ಳೇ ಬಟ್ಟಲಲ್ಲಿ ಉಣ್ಬೇಕು ಅಂತ ಆಸೆ ಇರಲ್ವೇನ್ರೋ?" ಅಂದ. ನಮ್ಮ ಕಮ್ಮಟದವರೆಲ್ಲ ನಕ್ಕರು. ತಮ್ಮ ದುಡಿಮೆ ಬೋಕಿಯಾಗುವುದನ್ನು ನೋಡಿ ನಗುವವರನ್ನು ಏನೆನ್ನಬೇಕು?

ಫೆಂಗ್ ಮಾವ ಅಮ್ಮನ ಅಣ್ಣ, ಈ ಕಮ್ಮಟದ ಮೇಸ್ತ್ರಿ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನನ್ನು ಜಿಂಗ್‌ದೆಜೆನ್‌ಗೆ ಕರೆತಂದು ಸಾಕಿದವನು. ಬೀದಿಯ ಮೇಷ್ಟ್ರ ಹತ್ತಿರ ಒಂದಷ್ಟು ವರ್ಷ ಅಕ್ಷರ ಕಲಿಸಿದ. ಮೇಷ್ಟ್ರು ಸತ್ತರು, ನನ್ನ ಓದೂ ಸತ್ತಿತು. ಬರೆಯಲು ಬರುತ್ತದೆ. ಮಾತಾಡಲು ಬರುವುದಿಲ್ಲ. ನಾಲ್ಕು ಜನ ನನ್ನ ಕಡೆ ತಿರುಗಿದರೆ ನಾಲಿಗೆ ಅಂಟಿಕೊಳ್ಳುತ್ತದೆ. ಕಮ್ಮಟದಲ್ಲಿ ನನಗೆ ಮೂಗ ಅಂತಲೇ ಹೆಸರು. ಬಾಯಿಬಡುಕರ ನಡುವೆ ಅದು ಬೈಗುಳವಲ್ಲ ಎಂದುಕೊಂಡು ಸುಮ್ಮನಿದ್ದೇನೆ.

ಐದನೆಯ ತಿಂಗಳು, ಹದಿನಾಲ್ಕು

ಅರಮನೆಯ ಅಪ್ಪಣೆ ಬಂತು. ಐವತ್ತು ಬಟ್ಟಲು. ಬರೀ ಬಿಳಿ. ಹೂವಿಲ್ಲ, ನೀಲಿಯಿಲ್ಲ, ಚಿನ್ನದ ಅಂಚಿಲ್ಲ. ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಿರಬೇಕು. ಒಳಮೈಯಲ್ಲಿ ಎರಡು ಡ್ರ್ಯಾಗನ್ ಕೆತ್ತಬೇಕು, ಆದರೆ ಅವು ಕಾಣಕೂಡದು. ಬೆಳಕಿಗೆ ಹಿಡಿದಾಗ ಮಾತ್ರ ಕಾಣಬೇಕು. ಕಾಣದಿರಲಿ ಎಂದು ದಿನವೆಲ್ಲ ಬೆನ್ನು ಬಗ್ಗಿಸಿ ಕೆತ್ತಬೇಕು! ಇಂಥ ಬಯಕೆ ಹೊಟ್ಟೆ ತುಂಬಿದವರಿಗೆ ಮಾತ್ರ ಬರುತ್ತದೆ.

ಕೆತ್ತುವವನು ಬಾವೊ. ತಾನು ಕೆತ್ತಿದ ಡ್ರ್ಯಾಗನ್‌ಗಳು ಹೆಂಡತಿಯ ಹಾಗೆ, ಎಲ್ಲರಿಗೂ ಕಾಣಬಾರದು ಅನ್ನುತ್ತಾನೆ. ಅವನ ಹೆಂಡತಿಯನ್ನು ಇಡೀ ಬೀದಿ ನೋಡಿದೆ, ಕೇಳಿಯೂ ಇದೆ.

"ಐದು ಉಗುರು, ಬಾವೊ," ಅಂದ ಮಾವ. "ಒಂದೊಂದು ಕಾಲಿಗೂ ಐದು. ನಾಲ್ಕು ಹಾಕಿದ್ಯೋ, ಅದು ರಾಜಕುಮಾರರ ಡ್ರ್ಯಾಗನ್ ಆಗೋಗುತ್ತೆ. ದೊರೆ ಬಟ್ಟಲಲ್ಲಿ ಅದು ಸಿಕ್ರೆ ನಮ್ಮ ಚರ್ಮ ಸುಲೀತಾರೆ."

"ನಿನ್ನ ಚರ್ಮ ಸುಲಿದ್ರೆ ಒಳಗೆ ಬರೀ ಮಣ್ಣೇ ಸಿಗೋದು ಬಿಡು ಮೇಸ್ತ್ರಿ," ಅಂದ ಬಾವೊ.

ಮತ್ತೆ ನಗು.

ಎಂಟನೆಯ ತಿಂಗಳ ಹುಣ್ಣಿಮೆಯ ಮಾರನೆಯ ದಿನ ದೋಣಿ ಹೊರಡುತ್ತದೆ. ಅಷ್ಟರಲ್ಲಿ ಐವತ್ತು ತುಂಬದಿದ್ದರೆ ಕಮ್ಮಟದ ಮೇಸ್ತ್ರಿಗೆ ಹಲಗೆ ಏಟು. ಹೋದ ವರ್ಷ ಹೊಳೆಕಡೆ ಕಮ್ಮಟದ ತಾಂಗ್ ಮೇಸ್ತ್ರಿಗೆ ಬಿತ್ತು. ಅವನೀಗ ಎರಡು ಕೋಲು ಊರಿಕೊಂಡು ಏಡಿಯ ಹಾಗೆ ನಡೆಯುತ್ತಾನೆ. ಮಾವ ಅವನಿಗಿಂತ ದೊಡ್ಡವನು, ಉಸಿರೂ ಕಡಿಮೆ. ಇದೆಲ್ಲ ಗೊತ್ತಿದ್ದೂ ಹಲ್ಲು ಕಿಸಿಯುತ್ತಾನೆ.

ಐದನೆಯ ತಿಂಗಳು, ಇಪ್ಪತ್ತೇಳು

ಮಾವನ ಎದುರು ಕೂತು ಉಣ್ಣುವುದು ಒಂದು ಶಿಕ್ಷೆ. ಹೊಳೆಯ ಬಸವನಹುಳು ಬೇಯಿಸಿದ್ದಳು ಅತ್ತೆ. ಮಾವ ಚೀಪುವ ಸದ್ದು ಮೂರನೆಯ ಮನೆಗೆ ಕೇಳುತ್ತಿತ್ತು.

"ನಿಧಾನ ಕಣ್ರೀ, ಹುಳ ಎಲ್ಲಿಗೂ ಓಡೋಗಲ್ಲ," ಅಂದಳು ಅತ್ತೆ.

"ಹುಳ ಓಡಲ್ಲ ಕಣೇ, ನನ್ನ ಹಲ್ಲು ಓಡ್ತಾವೆ."

ಹಾಗೆ ಹೇಳಿ ಒಂದು ಚಿಪ್ಪನ್ನು ನನ್ನ ಅನ್ನದ ಮೇಲೆ ಇಟ್ಟ. ಅವನ ಬಾಯಿ ಮುಟ್ಟಿದ ಊಟದ ಕಡ್ಡಿಯಿಂದ. ತಿನ್ನಲಿಲ್ಲ.

ಕೆಲಸದಲ್ಲಿ ಮಾತ್ರ ಅವನನ್ನು ಆಡಿಕೊಳ್ಳುವ ಹಾಗಿಲ್ಲ. ಬಟ್ಟಲನ್ನು ಒಳಗೆ ಹೆರೆದು ಕೊಡುತ್ತಾನೆ, ಬಾವೊ ಕೆತ್ತುತ್ತಾನೆ, ನಾನು ಒಳಮೈಗೆ ಮೆರುಗು ಊದುತ್ತೇನೆ. ಮಾವ ಅದನ್ನು ತಿಗುರಿಯ ಮೇಲೆ ಮಗುಚಿ ಹಾಕಿ ಹೊರಗಿನಿಂದ ಹೆರೆಯುತ್ತ ಹೋಗುತ್ತಾನೆ. ಕೊನೆಗೆ ಉಳಿಯುವುದು ಮಣ್ಣೋ ಬರೀ ಮೆರುಗೋ ಹೇಳಲಾಗದು. ಬೆರಳಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾನೆ, ಮತ್ತೆ ಹೆರೆಯುತ್ತಾನೆ. ಇನ್ನೊಂದು ಎಳೆ ಜಾಸ್ತಿ ಹೋದರೆ ಕತ್ತಿ ಆಚೆ ಬರುತ್ತದೆ. ಹಾಗೆ ತಟ್ಟಿ ಕೇಳುವಾಗ ಮಾತ್ರ ಅವನ ಬಾಯಿ ಮುಚ್ಚಿರುತ್ತದೆ. ಆ ಹೊತ್ತಿನಲ್ಲಿ ಅವನನ್ನು ಸಹಿಸಬಹುದು.

ಆರನೆಯ ತಿಂಗಳು, ಮೂರು

ಅರಮನೆಯ ಕಂಚುಕಿ ಬಂದಿದ್ದ. ಕೆಲಸದ ಮೇಲ್ವಿಚಾರಣೆಗೆ ದೊರೆ ಕಳಿಸಿರುವ ನಪುಂಸಕ. ಗಡ್ಡವಿಲ್ಲದ ಉಬ್ಬಿದ ಮುಖ, ರೇಷ್ಮೆಯ ಹೊಟ್ಟೆ. ಅವನ ಮುಂದೆ ಷೆನ್ ಗುಮಾಸ್ತ ನಾಯಿಯ ಬಾಲದ ಹಾಗೆ ಅಲ್ಲಾಡುತ್ತಿದ್ದ. ನಮ್ಮ ಕಮ್ಮಟದ ಐದು ಬಟ್ಟಲನ್ನು ಅವಸರದಲ್ಲಿ ನೋಡಿ ಬಲಕ್ಕಿಟ್ಟ.

ಐದನೆಯದರ ಅಡಿಯಲ್ಲಿ ಸೂಜಿಮೊನೆಯ ತೂತಿತ್ತು. ನಾನೇ ಊದಿದ್ದು, ನನಗೆ ಗೊತ್ತಿತ್ತು. ಹೋದ ತಿಂಗಳು ಇದಕ್ಕಿಂತ ಸಣ್ಣ ತೂತಿಗೆ ಇದೇ ಷೆನ್ ನನ್ನ ಬಟ್ಟಲು ಒಡೆಸಿದ್ದ. ಇವತ್ತು ಯಜಮಾನನ ಮುಂದೆ ಕುರುಡನಾಗಿದ್ದಾನೆ. ಮುಂದೆ ಹೋಗಿ ಬೆರಳಿಟ್ಟು ತೋರಿಸಿದೆ.

ಕಂಚುಕಿ ಬಟ್ಟಲನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ. "ಯಾರಯ್ಯಾ ಇವನು?"

"ಕುವಾನ್ ಅಂತ, ನನ್ನ ತಂಗಿ ಮಗ, ಬುದ್ಧಿ," ಅಂದ ಮಾವ. "ಮಾತು ಬರಲ್ಲ."

"ಮಾತು ಯಾರಿಗೆ ಬೇಕು? ಮಾತಾಡೋರು ಇಲ್ಲಿ ಬೇಕಾದಷ್ಟಿದ್ದಾರೆ. ನಾಳೆಯಿಂದ ಇವನು ಆಯೋ ಮೇಜಲ್ಲಿ ಕೂರ್ಲಿ."

ಷೆನ್‌ನ ಮುಖ ಹುಳಿಬಿದ್ದ ಸೊಪ್ಪಿನ ಹಾಗಾಯಿತು. ಅಷ್ಟೇ ನನಗೆ ಬೇಕಿದ್ದದ್ದು.

ಆ ಬಟ್ಟಲನ್ನು ಒಡೆದರು. ಮಾವ ಅದರ ಬಗ್ಗೆ ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ, "ನಮ್ಮ ಮೂಗ ಮೇಜು ಹತ್ತಿದ ಕಣ್ರಯ್ಯಾ! ಇನ್ಮೇಲೆ ನಮ್ಮನ್ನ ಕೇಳೋರಿಲ್ಲ!" ಅಂತ ಕೂಗಿಕೊಂಡು ಬಂದ. ಅಕ್ಕಿ ಹೆಂಡ ತರಿಸಿ ಕುಡಿದ. ಮಾನವಿದ್ದವರು ಹೀಗೆ ಬೀದಿಯಲ್ಲಿ ಕುಣಿಯುವುದಿಲ್ಲ.

ಆರನೆಯ ತಿಂಗಳು, ಆರು

ಮೇಜಿನ ಕೆಲಸ ನನಗೆ ಹಿಡಿಸಿದೆ. ಮಾತಾಡುವ ಹಾಗೇ ಇಲ್ಲ. ಕೈ ತೊಳೆದು, ಅರಮನೆಯ ಮಾದರಿ ಬಟ್ಟಲನ್ನು ರೇಷ್ಮೆಯಿಂದ ಬಿಚ್ಚಿ ಮುಂದಿಟ್ಟುಕೊಳ್ಳಬೇಕು. ಆಮೇಲೆ ಒಂದೊಂದನ್ನೇ ಎತ್ತಿ ಎಡಕ್ಕೆ, ಇಲ್ಲವೇ ಬಲಕ್ಕೆ. ಕಂಚುಕಿ ಬಂದಾಗಲೂ ತಲೆಯಾಡಿಸಿದರೆ ಸಾಕು.

ಆ ಮಾದರಿ ಬಟ್ಟಲನ್ನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಬಿಳಿ ಅಂದರೆ ಬಣ್ಣವಿಲ್ಲದ್ದು ಅಂದುಕೊಂಡಿದ್ದೆ. ಹಾಗಲ್ಲ. ಈ ಬಿಳಿಗೆ ಒಂದು ಮೃದುತ್ವವಿದೆ, ನಾಲಿಗೆಯ ಮೇಲೆ ಸಕ್ಕರೆ ಕರಗಿದ ಮೇಲೆ ಉಳಿಯುವಂಥದ್ದು. ಬೆಳಕಿಗೆ ಎತ್ತಿದರೆ ಹಿಂದಿನ ಬೆರಳುಗಳು ನೆರಳಾಗಿ ಕಾಣುತ್ತವೆ. ಅವುಗಳ ನಡುವೆ ಡ್ರ್ಯಾಗನ್ ಏಳುತ್ತದೆ. ಇಳಿಸಿದರೆ ಇಲ್ಲ.

ಇದನ್ನು ನೋಡಿದ ಮೇಲೆ ನಮ್ಮ ಕಮ್ಮಟದ ಎರಡನ್ನು ನೋಡಿದೆ. ಒಂದನ್ನು ಬಲಕ್ಕಿಟ್ಟೆ. ಸಂಜೆಯವರೆಗೂ ಅದು ಕಣ್ಣು ಚುಚ್ಚುತ್ತಿತ್ತು. ಬಾಗಿಲು ಹಾಕುವ ಮೊದಲು ಎತ್ತಿ ಎಡಕ್ಕಿಟ್ಟುಬಿಟ್ಟೆ.

ಆರನೆಯ ತಿಂಗಳು, ಹನ್ನೆರಡು

ಅತ್ತೆಯ ತಟ್ಟೆ ಓರೆ. ಅಂಚಿನಲ್ಲಿ ಹಳದಿ. ಇಷ್ಟು ವರ್ಷ ಇದರಲ್ಲಿ ಹೇಗೆ ಉಂಡೆನೋ.

ಆರನೆಯ ತಿಂಗಳು, ಇಪ್ಪತ್ತು

ಬಾವೊ ದಾರಿಗೆ ಅಡ್ಡ ನಿಂತ.

"ಏನ್ ಮೂಗಣ್ಣ, ಇನ್ನೂ ಎಷ್ಟು ಬಿಳಿ ಬೇಕು ನಿಂಗೆ? ಹತ್ತು ಕಳಿಸಿದ್ರೆ ಒಂದು ಉಳಿಸ್ತೀಯ. ಷೆನ್ ಇದ್ದಾಗ ಮೂರಾದ್ರೂ ಉಳೀತಿದ್ವು. ನಿನ್ ಮಾವನ ಬೆನ್ ಮೇಲೆ ಹಲಗೆ ಬಿದ್ರೆ ಆವಾಗ್ಲೂ ಬೆಳಕಿಗೆ ಹಿಡ್ದು ನೋಡ್ತೀಯಾ?"

ಅವನ ಬಾಯಲ್ಲಿ ಉಪ್ಪಿನ ಸೊಪ್ಪಿನ ವಾಸನೆ. ಪಕ್ಕಕ್ಕೆ ಸರಿದು ಹೋದೆ. ಇವರಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಲೆಕ್ಕ ತುಂಬಿದರೆ ಸಾಕು. ಮೆರುಗಿನಲ್ಲಿ ಗುಳ್ಳೆ, ಅಡಿಯಲ್ಲಿ ಮರಳು, ಮೈಯಲ್ಲಿ ಸೊಟ್ಟ. ಕೇಳಿದರೆ ಬೆಂಕಿಯ ದೋಷ, ಕಟ್ಟಿಗೆಯ ದೋಷ, ಮಳೆಯ ದೋಷ. ತಮ್ಮ ಕೈಯ ದೋಷ ಅಂತ ಕಮ್ಮಟದವರು ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ಜಾಗಕ್ಕೆ ಕೊಳವೆ ಹಿಡಿಯಲು ಬಂದವನಂತೂ ನೆಗಡಿಯಾದ ಎಮ್ಮೆಯ ಹಾಗೆ ಊದುತ್ತಾನೆ.

ಏಳನೆಯ ತಿಂಗಳು, ಎರಡು

ಆಯುವ ಮನೆಯ ಹಿಂದಿನ ಕೋಣೆಗೆ ಬಂದುಬಿಟ್ಟೆ. ಅಲ್ಲಿ ಸದ್ದಿಲ್ಲ. ಹಾಸಿಗೆಯ ಬಟ್ಟೆ ಸುತ್ತಿಕೊಂಡು ಹೊರಟಾಗ ಅತ್ತೆ, "ಊಟಕ್ಕೆ ಬರ್ತೀಯ ತಾನೆ?" ಅಂದಳು. ಮಾವ ಒಳಗಿಂದಲೇ, "ದೊಡ್ಡ ಮನುಷ್ಯ ಕಣೇ ಈಗ, ನೀನೇ ಹೊತ್ಕೊಂಡ್ ಹೋಗ್ಬೇಕು!" ಅಂದ. ಅವಳು ನಿಜಕ್ಕೂ ದಿನವೂ ಹೊತ್ತು ತರುತ್ತಾಳೆ. ಅಕ್ಕಿ ಕಡುಬು, ಹುದುಗಿಸಿದ ಕಾಳಿನ ಪಲ್ಯ. ಮುಚ್ಚಳ ಸರಿಯಾಗಿ ಮುಚ್ಚುವುದಿಲ್ಲ, ದಾರಿಯ ಧೂಳೆಲ್ಲ ಒಳಗೆ.

ಏಳನೆಯ ತಿಂಗಳು, ಹದಿನೆಂಟು

ನಲವತ್ತಾರಾಗಿದೆ. ಇನ್ನು ಒಂದೇ ಆವಿಗೆ ಬಾಕಿ, ಅದರಲ್ಲಿ ನಾಲ್ಕು ಸಿಗಬೇಕು.

ಮಧ್ಯಾಹ್ನ ಷೆನ್ ಟೀ ಸುರಿದು ನನ್ನ ಮುಂದಿಟ್ಟ. ಕಿವಿಕಡ್ಡಿಯನ್ನು ಅಂಗಿಯ ತೋಳಿನೊಳಗೆ ಸಿಕ್ಕಿಸಿಕೊಂಡು ದನಿ ತಗ್ಗಿಸಿದ.

"ನೋಡು ಕುವಾನ್, ಕೊನೇ ಆವಿಗೆ ತೆಗ್ಯೋ ದಿನ ನಮ್ಮ ಕಣ್ಣಿಗೆ ಹೊಗೆ ಹೋಗುತ್ತೆ. ಗೊತ್ತಾಯ್ತಾ?"

ಗೊತ್ತಾಗಲಿಲ್ಲ ಅಂತ ತಲೆಯಾಡಿಸಿದೆ.

"ಪ್ರತಿ ವರ್ಷ ಹೋಗುತ್ತಪ್ಪ. ಕಂಚುಕಿ ಎದುರಿಗೇ ಕಣ್ಣುಜ್ಜೋದು, 'ಅಯ್ಯೋ ಹೊಗೆ' ಅನ್ನೋದು, ಬಟ್ಟಲು ತಟ್ಟಿ ನಾದ ಚೆನ್ನಾಗಿದ್ರೆ ಬಲಕ್ಕಿಡೋದು. ಲೆಕ್ಕ ತುಂಬೋವರ್ಗೂ ಹೊಗೆ. ಆ ಕಂಚುಕಿಗೆ ಮಾರುದ್ದ ಆಚೆ ಏನೂ ಕಾಣಲ್ಲ. ಹೋದ ವರ್ಷ ನಾನು ಅಪ್ಪನ ತಿಥಿಗೆ ಅಂತ ಊರಿಗೆ ಹೋಗಿದ್ದೆ. ನನ್ನ ಜಾಗದಲ್ಲಿ ಕೂತಿದ್ದ ಹೊಸಬನಿಗೆ ಯಾರೂ ಇದನ್ನ ಹೇಳಿರ್ಲಿಲ್ಲ. ತಾಂಗ್ ಮೇಸ್ತ್ರಿ ಈಗ ಹೇಗೆ ನಡೀತಾನೆ ನೋಡಿದ್ದೀಯಲ್ಲ?"

ಟೀ ಮುಟ್ಟಲಿಲ್ಲ. ಮೊದಲು ಇವನನ್ನು ಕ್ರೂರಿ ಅಂದುಕೊಂಡಿದ್ದೆ. ಕ್ರೂರಿಯಾಗಿದ್ದರೆ ಒಂದಿಷ್ಟು ಮರ್ಯಾದೆಯಾದರೂ ಇರುತ್ತಿತ್ತು. ಇವನು ಬರೀ ಸಡಿಲ. ವರ್ಷವೆಲ್ಲ ಒಡೆದು, ಕೊನೆಯ ದಿನ ಕಣ್ಣುಜ್ಜುವ ನಾಟಕ. ಆ ಮಾದರಿ ಬಟ್ಟಲಿನ ಪಕ್ಕದಲ್ಲಿ ಕೂತು ಹೀಗೆಲ್ಲ ಮಾತಾಡಲು ಇವನಿಗೆ ನಾಚಿಕೆಯೂ ಇಲ್ಲ.

ಏಳನೆಯ ತಿಂಗಳು, ಇಪ್ಪತ್ತಾರು

ಕೊನೆಯ ಆವಿಗೆ ತೆಗೆದರು. ಬಹಳಷ್ಟು ಬಟ್ಟಲು ಬೆಂಕಿಯಲ್ಲೇ ಕುಸಿದಿದ್ದವು. ನಿಂತದ್ದು ನಾಲ್ಕು. ಗೋಡೆಯ ಬಳಿ ಫೆಂಗ್ ಮೇಸ್ತ್ರಿ, ಬಾವೊ, ಉಳಿದವರು. ಕುರ್ಚಿಯಲ್ಲಿ ಕಂಚುಕಿ, ಅರ್ಧ ನಿದ್ದೆಯಲ್ಲಿ.

ಮೂರು ಚೆನ್ನಾಗಿದ್ದವು, ಬಲಕ್ಕಿಟ್ಟೆ. ನಾಲ್ಕನೆಯದನ್ನು ಎತ್ತಿದೆ. ಬಿಳಿ ಸರಿಯಿತ್ತು, ಮೈ ಸರಿಯಿತ್ತು, ತಟ್ಟಿದರೆ ನಾದ ನಿಲ್ಲುತ್ತಲೇ ಇರಲಿಲ್ಲ. ಷೆನ್ ಆಗಲೇ ಕಣ್ಣುಜ್ಜುತ್ತ, "ಅಬ್ಬಾ, ಹೊಗೆ," ಅನ್ನುತ್ತಿದ್ದ. ಗೋಡೆಯ ಬಳಿ ಯಾರೋ ಸುಳ್ಳು ಕೆಮ್ಮು ಕೆಮ್ಮಿದರು. ಅವರಿಗೆಲ್ಲ ಈ ನಾಟಕ ಮೊದಲೇ ಗೊತ್ತಿತ್ತು.

ಬೆಳಕಿಗೆ ಹಿಡಿದೆ. ಡ್ರ್ಯಾಗನ್ ಎದ್ದಿತು. ಮುಂಗಾಲಿಗೆ ನಾಲ್ಕೇ ಉಗುರು. ಬಾವೊ ಐದು ಕೆತ್ತಿದ್ದಾನೆ, ಅದು ನನಗೆ ಗೊತ್ತು. ಆದರೆ ಆ ಎಮ್ಮೆ ಊದಿದ ಮೆರುಗು ಅಲ್ಲಿ ದಪ್ಪಗೆ ಕೂತು ಐದನೆಯ ಉಗುರಿನ ಗೆರೆಯನ್ನು ತುಂಬಿಬಿಟ್ಟಿದೆ. ಸುತ್ತ ಅಷ್ಟು ಚೆನ್ನಾಗಿರುವ ಬಟ್ಟಲಿನಲ್ಲಿ ಆ ಒಂದು ಕೊರತೆ ನನ್ನನ್ನು ನೋಡಿ ನಗುವ ಹಾಗಿತ್ತು.

"ಉಗುರು ನಾಲ್ಕೇ ಇವೆ," ಅಂದೆ.

ತೊದಲಲಿಲ್ಲ. ಇಡೀ ಮನೆಗೆ ಕೇಳಿಸಿತು. ಅಷ್ಟು ಜನರ ಮುಂದೆ ನಾನು ಆಡಿದ ಮೊದಲ ಮಾತು ಅದು. ಎಷ್ಟು ಸ್ಪಷ್ಟವಾಗಿ ಬಂತೆಂದರೆ ನನಗೇ ಆಶ್ಚರ್ಯ.

ಕಂಚುಕಿಯ ನಿದ್ದೆ ಹಾರಿತು. ಎದ್ದು ಬಂದ, ನೋಡಿದ, ಕೆಂಪಾದ. "ದೊರೆಯ ಬಟ್ಟಲಲ್ಲಿ ಕುಮಾರರ ಡ್ರ್ಯಾಗನ್ನಾ? ಏನ್ರೋ, ತಲೆ ಮೇಲೆ ತಲೆ ಇದ್ಯಾ ನಿಮಗೆ?" ಬಟ್ಟಲನ್ನು ಅವನೇ ನೆಲಕ್ಕೆ ಹಾಕಿದ. ನಾಡಿದ್ದು ಮೇಸ್ತ್ರಿಗೆ ಹಲಗೆ. ದೋಣಿ ಹೊರಡುವ ಹೊತ್ತಿಗೆ ಐವತ್ತನೆಯದು ಬರದಿದ್ದರೆ ಎರಡನೆಯ ಸಲವೂ ಹಲಗೆ. ಎರಡನೆಯ ಸಲ ಬಿದ್ದವನು ಎದ್ದದ್ದನ್ನು ಈ ಊರಿನಲ್ಲಿ ಯಾರೂ ನೋಡಿಲ್ಲ.

ಫೆಂಗ್ ಮೇಸ್ತ್ರಿ ನನ್ನ ಕಡೆ ನೋಡಿ, "ಪರ್ವಾಗಿಲ್ವೇ, ಗಂಟಲು ಚೆನ್ನಾಗೇ ಇದೆ," ಅಂದ. ಇಂಥ ಹೊತ್ತಿನಲ್ಲೂ ತಮಾಷೆ. ಇವರು ಸುಧಾರಿಸುವುದಿಲ್ಲ.

ಕಂಚುಕಿ ನನಗೆ ಹೊಸ ನಿಲುವಂಗಿ ಕೊಡಿಸುತ್ತಾನಂತೆ.

ಏಳನೆಯ ತಿಂಗಳು, ಇಪ್ಪತ್ತೆಂಟು

ಅಂಗಳದಲ್ಲಿ ಏಟು ಆಯಿತು. ಕಿಟಕಿ ಮುಚ್ಚಿಕೊಂಡೆ, ಧೂಳು ಬರುತ್ತಿತ್ತು.

ಏಳನೆಯ ತಿಂಗಳು, ಇಪ್ಪತ್ತೊಂಬತ್ತು

ಅತ್ತೆ ಊಟ ತರಲಿಲ್ಲ. ಹಸಿವೂ ಇರಲಿಲ್ಲ. ನಿಲುವಂಗಿ ಬಂತು. ಹೊಲಿಗೆ ಕೆಟ್ಟದ್ದು, ಬಲತೋಳು ಎಡಕ್ಕಿಂತ ಗಿಡ್ಡ. ಹಾಕಿಕೊಳ್ಳಲಿಲ್ಲ.

ಎಂಟನೆಯ ತಿಂಗಳು, ಎರಡು

ಈ ಊರಿನವರಿಗೆ ತಲೆಯಿಲ್ಲ. ಷೆನ್ ಇವತ್ತು ಒಂದೇ ಮಾತಾಡಿದ, ಅದೂ ನನಗಲ್ಲ, ಕಿವಿಕಡ್ಡಿಗೆ ಹೇಳುವ ಹಾಗೆ: "ಅಷ್ಟು ತೆಳ್ಳಗೆ ಹೆರ್ಯೋನು ಊರಿಗೆಲ್ಲ ಇದ್ದಿದ್ದೇ ಒಬ್ಬ." ಹೊಳೆಕಡೆಯಿಂದ ಒಬ್ಬನನ್ನು ಕರೆಸಿದರಂತೆ. ಹೆರೆಯುತ್ತ ಕೂತ ಹಾಗೇ ಬಟ್ಟಲುಗಳನ್ನೆಲ್ಲ ತೂತು ಮಾಡಿ ಹೋದನಂತೆ. ತೂತು ಮಾಡುವುದಕ್ಕೆ ಅಷ್ಟು ದೂರದಿಂದ ಬರಬೇಕಿತ್ತೇ?

ಎಂಟನೆಯ ತಿಂಗಳು, ನಾಲ್ಕು

ಕಮ್ಮಟದಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಹೋದೆ. ಮೇಜಿನವರು ನಿಗಾ ಇಡಬೇಕಲ್ಲ.

ಬಾಗಿಲನ್ನು ಕಿತ್ತು ಅದರ ಮೇಲೆ ಮೇಸ್ತ್ರಿಯನ್ನು ಮಲಗಿಸಿ ಹೊತ್ತು ತಂದಿದ್ದರು. ತಿಗುರಿಯ ಅಂಚಿಗೆ ಎದೆ ಬರುವ ಹಾಗೆ ಬೋರಲು ಮಲಗಿದ್ದ. ಬೆನ್ನಿನಿಂದ ತೊಡೆಯವರೆಗೆ ಬಟ್ಟೆ ಹೊದಿಸಿದ್ದರು, ಅದು ಮೈಗೆ ಅಂಟಿತ್ತು. ಬಾವೊ ಕೋಲಿನಿಂದ ತಿಗುರಿ ತಿರುಗಿಸುತ್ತಿದ್ದ.

ನಾನು ಒಳಗೆ ಕಾಲಿಟ್ಟ ಕೂಡಲೇ ಬಾವೊ ನೆಲಕ್ಕೆ ಉಗಿದ. "ಬಂದ್ರಪ್ಪ ದೊಡ್ಡವರು. ಬೆಳಕು ಸಾಕಾ ಬುದ್ಧಿ, ಇಲ್ಲಾ ಇನ್ನೊಂದು ಕಿಟಕಿ ಒಡೀಲಾ?"

"ಸುಮ್ನೆ ತಿರುಗ್ಸೋ," ಅಂದ ಮೇಸ್ತ್ರಿ ಕತ್ತಿ ಎತ್ತದೆ. "ಅವನ ಕಣ್ಣು ಅವನ ಹೊಟ್ಟೆಪಾಡು. ಲೋ ಮೂಗಾ, ಬೆಳಕಿಗೆ ಅಡ್ಡ ನಿಂತ್ಕೋಬೇಡ, ಆಕಡೆ ಕೂತ್ಕೋ."

ಕೂತೆ. ತಟ್ಟಿ ಕಿವಿಗೊಡುವುದಕ್ಕೆ ಅವನು ತಲೆ ಎತ್ತಬೇಕಾಗಿತ್ತು, ಎತ್ತಿದರೆ ಬೆನ್ನು ಎಳೆಯುತ್ತಿತ್ತು. ಎರಡು ಬಟ್ಟಲು ಹಾಳಾದವು. ಮೂರನೆಯದು ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕೊನೆಯ ಸುತ್ತಿನಲ್ಲಿ ಅವನ ಕೈ ಒಂದು ಸಲ ನಡುಗಿತು. ಯಾರೂ ನೋಡಲಿಲ್ಲ. ಈ ಜನ ಯಾವತ್ತು ತಾನೆ ಏನನ್ನು ನೋಡಿದ್ದಾರೆ?

ಕೂತು ಕೂತು ನನ್ನ ಕಾಲು ಜೋಮು ಹಿಡಿಯಿತು. ಇಡೀ ದಿನ ಹಾಳು.

ಎಂಟನೆಯ ತಿಂಗಳು, ಆರು

ಇನ್ನು ಹೊರಮೈಗೆ ಮೆರುಗು. ಆ ಎಮ್ಮೆ ಕೊಳವೆ ಹಿಡಿದು ಸಿದ್ಧನಾಗಿದ್ದ, ಮೂಗು ಸೋರುತ್ತಿತ್ತು. ಇಂಥವನ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ಆಗಲೇ ನೋಡಿಯಾಗಿದೆ. ಮೊನ್ನೆ ಹೊರಗೆ ಹೆರೆಯುವ ಮೊದಲು ಒಳಮೈಗೂ ನಾನೇ ಊದಬೇಕಾಯಿತು. ಇವತ್ತೂ ಕಿತ್ತುಕೊಂಡೆ. ಮೇಜಿನವನು ಕೊಳವೆ ಮುಟ್ಟಬಾರದು ಎಂದು ನಿಯಮವಿದೆ. ನಿಯಮ ಮಾಡಿದವರಿಗೆ ಊದಲು ಬರುತ್ತದೆಯೇ?

ಬಾವೊ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತ ಹಿಡಿದಿದ್ದ. ಮೊನ್ನೆಯೂ ಇವತ್ತೂ ಐದನೆಯ ಉಗುರು ಬಂದಾಗಲೆಲ್ಲ ಅವನು ಕೈ ನಿಧಾನ ಮಾಡಿದ, ನಾನು ಉಸಿರು ಸಣ್ಣ ಮಾಡಿದೆ. ಒರಟನಾದರೂ ಅಷ್ಟು ತಿಳಿಯುತ್ತದೆ ಅವನಿಗೆ.

ಕೆನ್ನೆ ಇನ್ನೂ ನೋಯುತ್ತಿದೆ. ಅಭ್ಯಾಸ ತಪ್ಪಿದೆ.

ಎಂಟನೆಯ ತಿಂಗಳು, ಹನ್ನೆರಡು

ಬಂತು. ಒಂದೇ ಬಟ್ಟಲು, ಮೇಜಿನ ನಡುವೆ. ಗೋಡೆಯ ಬಳಿ ಕಮ್ಮಟದವರು, ಅವರ ಮುಂದೆ ಅತ್ತೆ. ಹೆಂಗಸರು ಆಯುವ ಮನೆಗೆ ಬರಕೂಡದು. ಅವಳನ್ನು ಯಾರೂ ತಡೆಯಲಿಲ್ಲ. ಕಂಚುಕಿ ಇವತ್ತು ನಿದ್ದೆ ಮಾಡುತ್ತಿರಲಿಲ್ಲ, ನನ್ನ ಹೆಗಲಿಗೆ ತಾಗಿ ನಿಂತಿದ್ದ. ಅವನ ಮೈಯಿಂದ ಸುಗಂಧ, ಅದರ ಕೆಳಗೆ ಮೂತ್ರದ ನಾತ.

ಷೆನ್ ಕಣ್ಣುಜ್ಜಲಿಲ್ಲ. ಹೊಗೆಯ ಮಾತೂ ಆಡಲಿಲ್ಲ. ಮೇಜಿನ ಮರವನ್ನೇ ನೋಡುತ್ತ ಕೂತಿದ್ದ.

ಎತ್ತಿದೆ. ಬಿಳಿ ಮಾದರಿಗಿಂತ ಒಂದು ಕೂದಲು ಮೇಲು. ಒಂದು ಡ್ರ್ಯಾಗನ್, ಉಗುರು ಐದು. ಇನ್ನೊಂದು ಡ್ರ್ಯಾಗನ್, ಐದು. ತಿರುಗಿಸುತ್ತ ಹೋದೆ. ಎರಡು ಡ್ರ್ಯಾಗನ್‌ಗಳ ನಡುವೆ, ಬಾಲದ ಹತ್ತಿರ, ಮೇಸ್ತ್ರಿಯ ಕೈ ನಡುಗಿದ ಜಾಗ ಸಿಕ್ಕಿತು. ಅಲ್ಲಿ ಮೈ ಇನ್ನಷ್ಟು ತೆಳು. ಬೆಳಕು ಅಕ್ಕಿಕಾಳಿನಷ್ಟು ಜಾಗದಲ್ಲಿ ಹೆಚ್ಚು ಬರುತ್ತಿತ್ತು. ನೋಡಲು ಗೊತ್ತಿದ್ದವನಿಗೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು.

"ಏನಾದ್ರೂ ಇದ್ಯಾ?" ಅಂದ ಕಂಚುಕಿ. ಅವನ ಉಸಿರು ನನ್ನ ಕಿವಿಗೆ ತಗುಲಿತು.

ಇಂಥವನಿಗೆ ಹೇಳಿ ಏನು ಪ್ರಯೋಜನ? ಬಟ್ಟಲಿನಲ್ಲಿ ಚಂದ್ರನೇ ಬಿದ್ದಿದ್ದರೂ ಇವನು ಚಮಚ ಕೇಳುತ್ತಿದ್ದ. ಆ ಜಾಗದ ಮೇಲೆ ಹೆಬ್ಬೆರಳಿಟ್ಟುಕೊಂಡು ಬಟ್ಟಲನ್ನು ಅವನ ಕಡೆ ಹಿಡಿದೆ. ಎಲ್ಲೋ ಒಂದು ಕಡೆ ಹಿಡಿಯಬೇಕಲ್ಲ. ಅವನು ಉಗುರು ಎಣಿಸಿದ, ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಎಣಿಸಿದ. ಮತ್ತೆ ನನ್ನ ಮುಖ ನೋಡಿದ.

ಏನೂ ಇಲ್ಲ ಎಂದು ತಲೆಯಾಡಿಸಿದೆ. ಬಲಕ್ಕಿಟ್ಟೆ.

ಅತ್ತೆ ನೆಲಕ್ಕೆ ಕುಸಿದು ಕೂತಳು. ಬಾವೊ ನನ್ನ ಕಡೆ ಬಂದವನು, ಅರ್ಧದಲ್ಲೇ ತಿರುಗಿ ಹೋದ. ಷೆನ್ ತಾನೇ ರೇಷ್ಮೆ ಸುತ್ತಿ ಪೆಟ್ಟಿಗೆಗೆ ಹಾಕಿ ಮುಚ್ಚಿದ, ಅವಸರ ಅವಸರವಾಗಿ. ಗಂಟು ಹಾಕಲೂ ಬರುವುದಿಲ್ಲ ಅವನಿಗೆ. ಬಿಚ್ಚಿ ನಾನೇ ಕಟ್ಟಿದೆ, ಬಿಗಿಯಾಗಿ.

ಎಂಟನೆಯ ತಿಂಗಳು, ಹದಿನಾರು

ದೋಣಿ ಹೋಯಿತು. ಪೆಟ್ಟಿಗೆಗಳು ಅರಮನೆಯ ಯಾವುದೋ ಕತ್ತಲೆ ಉಗ್ರಾಣ ಸೇರುತ್ತವಂತೆ, ಷೆನ್ ಹೇಳಿದ. ಬೆಳಕಿಗೆ ಹಿಡಿಯುವವರು ಯಾರೂ ಇರುವುದಿಲ್ಲ. ಅಷ್ಟೇ ಅವರ ಯೋಗ್ಯತೆ.

ಹುಣ್ಣಿಮೆಯ ಸಿಹಿ ತಟ್ಟೆಯಲ್ಲಿ ಉಳಿದಿತ್ತು. ಇಲಿ ತಿನ್ನುವುದು ಬೇಡ ಎಂದು ಮಾವನ ಮನೆಗೆ ತೆಗೆದುಕೊಂಡು ಹೋದೆ. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಕೊನೆಗೆ ಪಕ್ಕಕ್ಕೆ ಸರಿದಳು.

ಮಾವ ಬೋರಲು ಮಲಗಿದ್ದ. ಕೆನ್ನೆ ಒಳಗೆ ಹೋಗಿದೆ. ಮುಖವನ್ನು ದಿಂಬಿನ ಮೇಲೆ ನನ್ನ ಕಡೆ ಹೊರಳಿಸಿದ.

"ಏನೋ ಮೂಗಾ, ಬಾಲದ ಹತ್ರ ಹೆಚ್ಚಿಗೆ ಹೆರ್ದೋಗಿತ್ತು. ಕತ್ತಿ ತೆಗ್ಯೋವಾಗ್ಲೇ ಕೇಳಿಸ್ತು ನಂಗೆ. ನಿಂಗೆ ಕಾಣ್ಲಿಲ್ವಾ? ಕಣ್ಣಿಗೆ ಏನಾಯ್ತೋ?"

ನಾಲಿಗೆ ಅಂಟಿಕೊಂಡಿತು. ಅಲ್ಲಿ ಇದ್ದದ್ದು ಅವನೊಬ್ಬನೇ, ಆದರೂ ಅಂಟಿಕೊಂಡಿತು. ಅವನು ಕಾದ. ಆಮೇಲೆ ನಗಲು ಹೋಗಿ, ಬೆನ್ನು ಎಳೆದು, "ಅಮ್ಮಾ" ಅಂದ.

ಅತ್ತೆ ಎಳ್ಳೆಣ್ಣೆಯಲ್ಲಿ ಕಲಸಿದ ಬೇರಿನ ಪುಡಿ ತಂದು ಹಚ್ಚತೊಡಗಿದಳು. ಅವಳದು ಸೌದೆ ಸೀಳುವ ಕೈ. ಒಂದು ಕಡೆ ಗುಡ್ಡೆ, ಒಂದು ಕಡೆ ಬರೀ ಮೈ. ಇಷ್ಟು ದಿನದಿಂದ ಹೀಗೇ ಹಚ್ಚುತ್ತಿದ್ದಳಂತೆ! ನೋಡಲಾಗಲಿಲ್ಲ. ಬಟ್ಟಲು ಕಿತ್ತುಕೊಂಡು ನಾನೇ ಹಚ್ಚಿದೆ, ತೆಳ್ಳಗೆ, ಒಂದೇ ಸಮ, ಮೇಲಿನಿಂದ ಕೆಳಗೆ. ಅರ್ಧಕ್ಕೆ ಬರುವಷ್ಟರಲ್ಲಿ ಮಾವನಿಗೆ ನಿದ್ದೆ ಹತ್ತಿತ್ತು. ಗೊರಕೆ ಬೇರೆ.

ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಚ್ಚಬೇಕು. ಇವರ ಕೈಯಲ್ಲಿ ಆಗುವ ಕೆಲಸವಲ್ಲ. ಹಾಸಿಗೆಯ ಬಟ್ಟೆಯನ್ನು ಇಲ್ಲಿಗೇ ತರಬೇಕಾಯಿತು.